ಸುಮ್ಮನೆ ನೋಡೋಕೆ ಬಂದೆ

ಗ್ರೀಸಿನ ಕಡಲ ದಂಡೆಯ ಅಸ್ಪ್ರೋನೇರಿ ಎಂಬ ನಮ್ಮ ಊರಿನಲ್ಲಿ ಒಂದು ಮ್ಯೂಸಿಯಂ ಇದೆ. ಅದರ ಒಂದು ಪಕ್ಕಕ್ಕೆ ಮೀನು ಮಾರುಕಟ್ಟೆ, ಇನ್ನೊಂದು ಪಕ್ಕಕ್ಕೆ ಲಾಂಬ್ರೋಸನ ನಲ್ಲಿ, ಸಿಂಕು, ಕಮೋಡುಗಳ ಅಂಗಡಿ, ಎದುರಿಗೆ ಮೆನೆಲಾವೊಸನ ಕಾಫಿ ಅಂಗಡಿ. ಮ್ಯೂಸಿಯಂ ಎಂದರೆ ಊರವರಿಗೆ ಅಪಾರ ಹೆಮ್ಮೆ. ಎಷ್ಟು ಹೆಮ್ಮೆ ಎಂದರೆ, ಒಳಗೆ ಹೋಗಿ ಅದನ್ನು ಪರೀಕ್ಷೆ ಮಾಡುವ ಅಗತ್ಯ ಯಾರಿಗೂ ಕಂಡಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರ ಹಿಂದೆ ಸಾಲಾಗಿ ಒಮ್ಮೆ ಹೋಗಿ ಬಂದರೆ ಜನ್ಮಕ್ಕೆ ಸಾಕು. ಆಮೇಲೆ ಆ ಬಾಗಿಲು ಜರ್ಮನಿಯ ಪ್ರವಾಸಿಗಳಿಗೆ ಬಿಟ್ಟದ್ದು.

ಬೆಳೆದ ಗಂಡಸು ತಾನಾಗಿ ಆ ಬಾಗಿಲು ದಾಟುವುದು ಒಂದೇ ಕಾರಣಕ್ಕೆ. ಬಾವಿಗೋ ಅಡಿಪಾಯಕ್ಕೋ ಅಗೆಯುವಾಗ ಗುದ್ದಲಿಗೆ ಏನೋ ತಾಗಿರುತ್ತದೆ. ಒಂದು ಹಿಡಿಕೆ, ಒಂದು ಮೂಗು, ಒಂದು ಗೋಡೆಯ ಅಂಚು. ಅದು ನಿಜವಾಗಿಯೂ ಹಳೆಯದೋ ಅಲ್ಲವೋ ಎಂದು ಗಾಜಿನ ಪೆಟ್ಟಿಗೆಯಲ್ಲಿರುವುದರ ಜೊತೆ ಹೋಲಿಸಿ ನೋಡಲು ಬಡಪಾಯಿ ಕಳ್ಳಹೆಜ್ಜೆಯಲ್ಲಿ ಬರುತ್ತಾನೆ. ಹಳೆಯದೇ ಆದರೆ ಅವನ ಕಥೆ ಮುಗಿದಂತೆ. ಪುರಾತತ್ವ ಇಲಾಖೆಯವರು ಸುತ್ತ ಹಗ್ಗ ಕಟ್ಟುತ್ತಾರೆ, ಕೆಲಸ ನಿಲ್ಲುತ್ತದೆ, ಕುಂಚ ಹಿಡಿದ ಹುಡುಗಿಯರು ಬಂದು ಮಗುವಿನ ಮುಖ ಒರೆಸಿದ ಹಾಗೆ ಮಣ್ಣು ಒರೆಸುತ್ತಾ ಕೂರುತ್ತಾರೆ. ಬೇಕರಿಯ ಅನಸ್ತಾಸಿಸ್ ಮಗನ ಮದುವೆಗೆಂದು ಮನೆ ಕಟ್ಟಲು ಹೊರಟವನು; ಈಗ ಮೊಮ್ಮಗನಿಗೆ ಮೀಸೆ ಬಂದಿದೆ, ಮನೆ ಇನ್ನೂ ಹಗ್ಗದೊಳಗೇ ಇದೆ.

ಇಂಥ ಊರಿನಲ್ಲಿ ಹುಟ್ಟಿ ಬೆಳೆದ ಲಾಂಬ್ರೋಸ್ ಮಾಡಿಕೊಂಡ ಎಡವಟ್ಟಿಗೆ ಮೂಲ ಒಂದು ಫೋನು.

ಫೋನು ಮಾಡಿದಾಕೆ ಲಾರಿಸ್ಸಾ ಪಟ್ಟಣದ ಎಫ್ತೆರ್ಪಿ. ಶಾಲೆಯಲ್ಲಿ ಪುರಾತನ ಗ್ರೀಕ್ ಭಾಷೆ ಕಲಿಸಿ ನಿವೃತ್ತಳಾದ ಟೀಚರು. ಆಕೆಯ ಮಗನಿಗೂ ಲಾಂಬ್ರೋಸನ ಮಗಳು ಫೋತಿನಿಗೂ ಪ್ರೀತಿಯಾಗಿ, ಮಾತುಕತೆ ಮುಕ್ಕಾಲು ಮುಗಿದಿತ್ತು. ಉಳಿದ ಕಾಲು ಭಾಗ ಎಫ್ತೆರ್ಪಿಯ ಮನಸ್ಸಿನಲ್ಲಿತ್ತು. ಕಮೋಡು ಮಾರುವವರ ಮನೆಯಲ್ಲಿ ಒಂದು ಪುಸ್ತಕವಾದರೂ ಇರಬಹುದೇ ಎಂಬುದು ಆಕೆಯ ಅನುಮಾನ. ಇದನ್ನು ತಿಳಿದ ಫೋತಿನಿ ಅಪ್ಪನಿಗೆ ಮೊದಲೇ ಹೇಳಿದ್ದಳು: "ಅಪ್ಪಾ, ಅವರು ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ ಹೇಳು. ಮೂರನೇ ಮಾತು ಆಡಬೇಡ."

ಲಾಂಬ್ರೋಸ್ ಮೂರನೇ ಮಾತು ಆಡಿದ.

"ನಿಮ್ಮೂರ ಮ್ಯೂಸಿಯಂ ಚೆನ್ನಾಗಿದೆಯಂತೆ. ನೀವು ಯಾವಾಗಲಾದರೂ ಹೋಗೋದುಂಟಾ?" ಎಂದಳು ಎಫ್ತೆರ್ಪಿ.

"ಯಾವಾಗಲಾದರೂನಾ? ಪ್ರತಿ ಭಾನುವಾರ! ಚರ್ಚಿನಿಂದ ನೇರ ಅಲ್ಲಿಗೇ ಹೋಗೋದು ಟೀಚರಮ್ಮ. ಒಂದು ವಾರ ತಪ್ಪಿದರೆ ಎದೆ ಹಿಡಿದ ಹಾಗಾಗುತ್ತೆ."

ಆ ಕಡೆಯ ದನಿ ಪೂರ್ತಿ ಮೆತ್ತಗಾಯಿತು. "ಹಾಗಾದರೆ ಈ ಭಾನುವಾರ ನಾವೂ ಬರ್ತೀವಿ. ನೀವೇ ಎಲ್ಲಾ ತೋರಿಸಿ ವಿವರಿಸಬೇಕು. ಮಕ್ಕಳ ಮನೆಗೆ ಅಡಿಪಾಯ ಹಾಕ್ತಿದೀರಂತಲ್ಲ, ಅದನ್ನೂ ನೋಡಿದ ಹಾಗಾಗುತ್ತೆ."

ಲಾಂಬ್ರೋಸ್ ಫೋನಿಟ್ಟು, ತಾನೇನೋ ಘನಕಾರ್ಯ ಮಾಡಿದವನಂತೆ ಹೆಂಡತಿಯ ಕಡೆ ನೋಡಿದ. ಅರ್ಗಿರೋ ಬೀನ್ಸ್ ಬಿಡಿಸುವುದನ್ನು ನಿಲ್ಲಿಸಿದ್ದಳು.

"ಪ್ರತಿ ಭಾನುವಾರ ನೀನು ಚರ್ಚಿಗೇ ಹೋಗಲ್ಲ," ಎಂದಳು.

"ಹೋಗದೇ ಇದ್ದರೇನು? ಇನ್ನೂ ನಾಲ್ಕು ದಿನ ಇದೆ. ಕಲಿತೀನಿ! ನಲ್ಲಿ ಕಂಪನಿಯ ಕ್ಯಾಟಲಾಗು ಪೂರ್ತಿ ಬಾಯಿಪಾಠ ಮಾಡಿದವನಿಗೆ ನಾಲ್ಕು ಮಡಕೆ ಯಾವ ಲೆಕ್ಕ?"

ಲಾಂಬ್ರೋಸನಿಗೆ ಬುದ್ಧಿ ಕಡಿಮೆ ಇದ್ದಿರಬಹುದು. ಹಟ ಮಾತ್ರ ಕಡಿಮೆ ಇರಲಿಲ್ಲ. ಮರುದಿನ ಬೆಳಿಗ್ಗೆ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು, ಯಾರೂ ಗುರುತಿಸಬಾರದೆಂದು ಕಪ್ಪು ಕನ್ನಡಕ ಹಾಕಿ, ತನ್ನ ಅಂಗಡಿಯ ಬಾಗಿಲಿನಿಂದ ಮ್ಯೂಸಿಯಂ ಬಾಗಿಲಿನವರೆಗೆ ನಡೆದ. ಮಧ್ಯೆ ಒಮ್ಮೆ ಎಡಕ್ಕೆ ನೋಡಿದ, ಒಮ್ಮೆ ಬಲಕ್ಕೆ ನೋಡಿದ, ಆಮೇಲೆ ಗಬಕ್ಕನೆ ಒಳಗೆ ನುಗ್ಗಿದ. ಎದುರಿನ ಕಾಫಿ ಅಂಗಡಿಯಲ್ಲಿ ಪಗಡೆ ಆಡುತ್ತಿದ್ದವರ ಕೈಯಲ್ಲಿ ದಾಳಗಳು ಹಾಗೇ ನಿಂತವು.

ಒಳಗೆ ಕಾವಲುಗಾರ್ತಿ ಕಲ್ಲಿರೋಯಿ ಕುರ್ಚಿಯಲ್ಲಿ ಕೂತು ಕ್ರೋಶಾ ಹೆಣೆಯುತ್ತಿದ್ದಳು. ಲಾಂಬ್ರೋಸನನ್ನು ಕಂಡವಳೇ ಎದ್ದು, ಅವನ ಹಿಂದೆ ಯಾರಾದರೂ ಜರ್ಮನ್ನರಿದ್ದಾರೋ ಎಂದು ಇಣುಕಿ, ಬಾಗಿಲು ಮುಂದೆ ಮಾಡಿ, ಪಿಸುದನಿಯಲ್ಲಿ ಕೇಳಿದಳು:

"ಏನು ಸಿಕ್ತು?"

"ಏನೂ ಸಿಕ್ಕಿಲ್ಲ. ಸುಮ್ಮನೆ ನೋಡೋಕೆ ಬಂದೆ."

"ಎಲ್ಲರೂ ಹಾಗೇ ಅಂತಾರೆ," ಎಂದು ಕಲ್ಲಿರೋಯಿ ನಿಟ್ಟುಸಿರು ಬಿಟ್ಟು ಮೊದಲ ಕೋಣೆಯ ದೀಪ ಹಾಕಿದಳು.

ಅವನು ಮುಂದೆ, ಅವಳು ಹಿಂದೆ. ಅವನು ಹೋದ ಕೋಣೆಯಲ್ಲಿ ದೀಪ ಹಾಕುವುದು, ಬಿಟ್ಟ ಕೋಣೆಯಲ್ಲಿ ಆರಿಸುವುದು. ಎಣ್ಣೆಯ ಕುಡಿಕೆಗಳು, ಮಗ್ಗದ ನೂಲಿಗೆ ತೂಗುಬಿಡುತ್ತಿದ್ದ ಮಣ್ಣಿನ ಬಿಲ್ಲೆಗಳು, ಸಮಾಧಿ ಕಲ್ಲಿನ ಮೇಲೆ ಕೆತ್ತಿದ, ಕೈಕುಲುಕುವ ಗಂಡ ಹೆಂಡಿರು. ಎಲ್ಲವನ್ನೂ ಲಾಂಬ್ರೋಸ್ ಮೂಗು ಗಾಜಿಗೆ ತಾಗುವಷ್ಟು ಹತ್ತಿರದಿಂದ ನೋಡಿ, ತುಟಿ ಅಲುಗಿಸಿ ಉರು ಹೊಡೆದ. ಒಂದು ಮಣ್ಣಿನ ಸ್ನಾನದ ತೊಟ್ಟಿಯ ಮುಂದೆ ಮಾತ್ರ ಅವನ ಮುಖ ಅರಳಿತು.

"ನೀರು ಹೋಗೋ ತೂತು ತಪ್ಪು ಕಡೆ ಇಟ್ಟಿದ್ದಾರೆ ಕಲ್ಲಿರೋಯಿ. ನಾನು ಮಾರಿದ್ದಾಗಿದ್ರೆ ಮೂರೇ ದಿನಕ್ಕೆ ವಾಪಸ್ ಬಂದಿರೋದು."

ಕೊನೆಯ ಕೋಣೆಯಲ್ಲಿ ಊರವರು 'ಬರಿಮೈ ಹುಡುಗ' ಎಂದು ಕರೆಯುವ ಅಮೃತಶಿಲೆಯ ಆಳೆತ್ತರದ ಯುವಕ ನಿಂತಿದ್ದ. ಎಡಗಾಲು ಒಂದು ಹೆಜ್ಜೆ ಮುಂದೆ, ಕೈಗಳು ತೊಡೆಗೆ ಅಂಟಿಕೊಂಡು, ತುಟಿಯಲ್ಲಿ ಏನೋ ಗೊತ್ತಿರುವವನ ಹಾಗೆ ಸಣ್ಣ ನಗೆ. ಬೀಗಿತ್ತಿ ಇವನ ಬಗ್ಗೆಯೇ ಕೇಳುತ್ತಾಳೆಂದು ಲಾಂಬ್ರೋಸನಿಗೆ ಅನ್ನಿಸಿತು. ಟೀಚರಾದವಳು ಏನೇನು ಕೇಳಬಹುದೆಂದು ಯೋಚಿಸಿ, ಒಂದೊಂದಾಗಿ ವಿಚಾರಿಸತೊಡಗಿದ.

"ಇಂಥವರು ಸಾಮಾನ್ಯವಾಗಿ ಎಷ್ಟು ಆಳದಲ್ಲಿ ಸಿಗ್ತಾರೆ?"

ಕಲ್ಲಿರೋಯಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ತೂಕ ಎಷ್ಟಿರಬಹುದು? ಇಬ್ಬರು ಸೇರಿ ಎತ್ತಿದ್ರೆ ಬರ್ತಾನಾ? ನನ್ನ ವ್ಯಾನಲ್ಲಿ ಮಲಗಿಸಬಹುದಾ?"

ಪಾಪ, ದಿನಾ ಸಿಂಕು ಸಾಗಿಸುವವನಿಗೆ ಕಲೆಯ ಬಗ್ಗೆ ಹೊಳೆದ ಪ್ರಶ್ನೆಗಳು ಇವು. ಕಡೆಗೆ, ಹುಡುಗನ ಭಂಗಿ ಮರೆಯದಿರಲೆಂದು ತಾನೂ ಅವನ ಪಕ್ಕದಲ್ಲಿ ಎಡಗಾಲು ಮುಂದಿಟ್ಟು, ಮುಷ್ಟಿ ಬಿಗಿದು, ಸಣ್ಣಗೆ ನಕ್ಕ.

"ಲಾಂಬ್ರೋಸ್!" ಕಲ್ಲಿರೋಯಿಯ ಕೂಗಿಗೆ ಗಾಜಿನ ಪೆಟ್ಟಿಗೆಗಳೆಲ್ಲ ಝುಮ್ಮೆಂದವು. "ವಿಗ್ರಹದ ಪಕ್ಕ ಅಣಕಿಸಿ ನಿಲ್ಲೋ ಹಾಗಿಲ್ಲ! ಜರ್ಮನ್ನರಿಗೇ ಬಿಡಲ್ಲ, ನಿನಗೆ ಬಿಡ್ತೀನಾ? ನಡಿ ಆಚೆಗೆ!"

ಕಲ್ಲಿರೋಯಿ ಸರ್ಕಾರಿ ನೌಕರಿಯವಳು, ಗುಟ್ಟು ಬಿಟ್ಟುಕೊಡುವವಳಲ್ಲ. ಲಾಂಬ್ರೋಸ್ ಬರಿಮೈ ಹುಡುಗನ ಪಕ್ಕ ನಿಂತು ಎತ್ತರ ಅಳೆದುಕೊಂಡದ್ದನ್ನೂ, ವ್ಯಾನಿನ ವಿಷಯ ಕೇಳಿದ್ದನ್ನೂ ಅವಳು ತನ್ನ ತಂಗಿಯೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ತಂಗಿಗೆ ಮೀನು ಮಾರುಕಟ್ಟೆಯಲ್ಲಿ ಅಂಗಡಿ ಇತ್ತು.

ಲಾಂಬ್ರೋಸ್ ಬೆವರು ಒರೆಸಿಕೊಳ್ಳುತ್ತಾ ಕಾಫಿ ಅಂಗಡಿಗೆ ಬಂದಾಗ ಅಲ್ಲಿ ಮಾತು ನಿಂತಿತು. ಅವನು ಕೂತ. ಅವನು ಯಾವಾಗಲೂ ಕುಡಿಯುವುದು ಸಕ್ಕರೆ ಜಾಸ್ತಿ ಹಾಕಿದ ಕಾಫಿ. ಮೆನೆಲಾವೊಸ್ ಕೇಳದೆಯೇ ಸಕ್ಕರೆಯಿಲ್ಲದ ಕಾಫಿ, ಪಕ್ಕದಲ್ಲಿ ಒಂದು ಪುಟ್ಟ ಗ್ಲಾಸು ಬ್ರಾಂಡಿ ತಂದಿಟ್ಟು, ಅವನ ಭುಜ ಒತ್ತಿದ. ಮಣ್ಣಿಗೆ ಹೋಗಿ ಬಂದವರಿಗೆ ನಮ್ಮಲ್ಲಿ ಕೊಡುವುದು ಅದನ್ನೇ.

"ಯಾರು ಸತ್ರು?" ಎಂದ ಲಾಂಬ್ರೋಸ್ ಗಾಬರಿಯಿಂದ.

"ಕುಡಿ ಮಾರಾಯ. ದುಡ್ಡು ಬೇಡ. ದೇವರು ಧೈರ್ಯ ಕೊಡಲಿ," ಎಂದ ಮೆನೆಲಾವೊಸ್.

ಪಕ್ಕದ ಕುರ್ಚಿ ಸರಕ್ಕನೆ ಹತ್ತಿರ ಬಂತು. ಅದರ ಮೇಲೆ ಥೆಮಿಸ್ ಇದ್ದ. ಬಾಲ್ಯದ ಗೆಳೆಯ, ಈಗ ನೆರೆ ಜಮೀನಿನವ. ಊರ ಹೊರಗೆ ಅರ್ಗಿರೋಗೆ ತವರಿನಿಂದ ಬಂದ ಜಾಗಕ್ಕೂ ಥೆಮಿಸನ ಆಲಿವ್ ತೋಟಕ್ಕೂ ನಡುವೆ ಒಂದೇ ಬೇಲಿ. ಆ ತೋಟದಲ್ಲಿ ಪ್ರವಾಸಿಗಳಿಗೆ ಬಾಡಿಗೆ ಕೋಣೆ ಕಟ್ಟಬೇಕೆಂಬುದು ಥೆಮಿಸನ ಹಳೆಯ ಕನಸು.

"ತಲೆಯಾ?" ಎಂದ ಥೆಮಿಸ್.

"ಯಾವ ತಲೆ?"

"ಹಾಗಾದ್ರೆ ಇಡೀ ಆಸಾಮೀನೇ?"

"ಏನೂ ಇಲ್ಲ ಕಣೋ! ಸುಮ್ಮನೆ ನೋಡೋಕೆ ಹೋಗಿದ್ದೆ!"

"ಲಾಂಬ್ರೋಸ್, ನಾವಿಬ್ಬರೂ ಒಂದೇ ಬೆಂಚಲ್ಲಿ ಕೂತು ಫೇಲಾದವರು. ನನ್ನ ಹತ್ರ ಮುಚ್ಚಿಡಬೇಡ. ನಿಂಗೂ ನಂಗೂ ಒಂದೇ ಬೇಲಿ. ನಿನ್ನ ಕಡೆ ತಲೆ ಇದ್ರೆ ನನ್ನ ಕಡೆ ಕಾಲಿರುತ್ತೆ! ನನ್ನ ಕೋಣೆಗಳ ಗತಿ ಏನು?"

"ಕಾಂಕ್ರೀಟ್ ಸುರಿದುಬಿಡು," ಎಂದು ಮೂಲೆಯಿಂದ ಬೇಕರಿಯ ಅನಸ್ತಾಸಿಸ್ ಅನುಭವದ ಮಾತು ಹೇಳಿದ. "ನಾನು ಪ್ರಾಮಾಣಿಕನಾಗಿದ್ದೆ. ನನ್ನ ಗತಿ ನೋಡು."

ಲಾಂಬ್ರೋಸ್ ನಿಜ ಹೇಳುವ ಹಾಗಿರಲಿಲ್ಲ. ಬೀಗಿತ್ತಿಗೆ ಸುಳ್ಳು ಹೇಳಿದ್ದು ಇಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಲಾರಿಸ್ಸಾ ಮುಟ್ಟುತ್ತದೆ, ಮಗಳ ಮದುವೆ ಮುರಿಯುತ್ತದೆ. ಆದ್ದರಿಂದ ಅವನು ಎದ್ದು ನಿಂತು ಗಂಭೀರವಾಗಿ ಹೇಳಿದ: "ನಾನು ಹೋಗೋದಕ್ಕೆ ಒಂದು ಕಾರಣ ಇದೆ. ಅದನ್ನ ಹೇಳೋಕಾಗಲ್ಲ. ನಾಳೆಯೂ ಹೋಗ್ತೀನಿ."

ಇದಕ್ಕಿಂತ ಕೆಟ್ಟ ಮಾತನ್ನು ಆಡಲು ಅವನಿಗೆ ಸಾಧ್ಯವಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅರ್ಗಿರೋ ಫೋನು ಹಿಡಿದು ನಿಂತಿದ್ದಳು. ಆ ಕಡೆ ಮೆಲ್ಬರ್ನಿನಲ್ಲಿರುವ ಅವಳ ಅಣ್ಣ ಪೆರಿಕ್ಲಿಸ್. ಅಪ್ಪ ತೀರಿಕೊಂಡ ಸುದ್ದಿ ಅವನಿಗೆ ಮುಟ್ಟಲು ಎರಡು ದಿನ ಹಿಡಿದಿತ್ತು. ಇದು ಊಟದ ಹೊತ್ತಿಗೇ ಮುಟ್ಟಿತ್ತು.

"ಭಾವ, ಅಭಿನಂದನೆ. ಒಂದು ಸಣ್ಣ ವಿಷಯ. ಅಪ್ಪ ನನ್ನ ತಂಗಿಗೆ ಕೊಟ್ಟಿದ್ದು ಜಾಗ. ಅಂದ್ರೆ ಮೇಲಿನ ಮಣ್ಣು. ಕೆಳಗಿರೋದನ್ನ ಯಾರಿಗೂ ಕೊಟ್ಟಿಲ್ಲ. ಅದರಲ್ಲಿ ಅರ್ಧ ನಂದು."

"ಪೆರಿಕ್ಲಿಸ್, ಕೆಳಗೆ ಏನೂ ಇಲ್ಲ!"

"ಪರವಾಗಿಲ್ಲ, ಅದರಲ್ಲೇ ಅರ್ಧ ಕೊಡು. ನಾನೇನು ಜಗಳ ಮಾಡೋನಲ್ಲ."

ಗುರುವಾರ ಅಡಿಪಾಯ ತೋಡಲು ಬರಬೇಕಿದ್ದ ಜೆಸಿಬಿ ಬರಲಿಲ್ಲ. ಅದರ ಮಾಲೀಕ ಸೋತಿರಿಸ್, "ನಿನ್ನ ಹಳ್ಳದಲ್ಲಿ ಪುರಾತನ ಕಾಲ ಸಿಕ್ಕು, ನನ್ನ ಗಾಡೀನ ಹಗ್ಗದೊಳಗೆ ಹಾಕಿದ್ರೆ ನಾನೇನು ಚಮಚದಲ್ಲಿ ಅಗೀಲಾ?" ಎಂದು ಫೋನಿಟ್ಟ. ಅದರ ಬದಲು ಬಂದವರು ಇಬ್ಬರು. ಒಬ್ಬ ಪೊಲೀಸ್ ಸಾರ್ಜೆಂಟು. ಇನ್ನೊಬ್ಬಳು ಇಲಾಖೆಯ ದಾನಾಯಿ, ಬಿಸಿಲಿಗೆ ಕಂದಿದ ಮುಖದ, ಎಂಥ ಗದ್ದಲಕ್ಕೂ ದನಿ ಏರಿಸದ ಹೆಣ್ಣುಮಗಳು.

"ಅನಾಮಧೇಯ ದೂರುಗಳು ಬಂದಿವೆ," ಎಂದಳು. "ಬಹಳಷ್ಟು ಜನ ತಮ್ಮ ಹೆಸರು ಹೇಳಿಯೇ ಮಾತಾಡಿದ್ರು. ನೀವು ಏನಾದರೂ ಸಿಕ್ಕಿದ್ದನ್ನ ಹೇಳೋದಿದ್ರೆ ಈಗಲೇ ಹೇಳಿ."

"ಸಿಕ್ಕಿಲ್ಲ ಮೇಡಂ!"

"ಮತ್ತೆ ಮ್ಯೂಸಿಯಂಗೆ ಯಾಕೆ ಹೋದ್ರಿ?"

"ಯಾಕೆ ಅಂದ್ರೆ? ಅದು ಇರೋದೇ ಹೋಗೋಕಲ್ವಾ?"

ದಾನಾಯಿ ಸಾರ್ಜೆಂಟನ ಮುಖ ನೋಡಿದಳು. ಸಾರ್ಜೆಂಟು ಬೇಜಾರಿನಿಂದ ತಲೆ ಅಲ್ಲಾಡಿಸಿದ. ಅದೇ ಊರಿನಲ್ಲಿ ಹುಟ್ಟಿದವನಾದ್ದರಿಂದ ಅವನಿಗೆ ಈ ವಾದ ಎಷ್ಟು ದುರ್ಬಲ ಎಂಬುದು ಗೊತ್ತಿತ್ತು.

ಪರೀಕ್ಷೆಗೆ ಅಲ್ಲಲ್ಲಿ ಅಗೆದು ನೋಡಬೇಕಾಗುತ್ತದೆ, ಅಲ್ಲಿಯವರೆಗೆ ಮನೆಯ ಕೆಲಸ ನಿಲ್ಲಿಸಬೇಕು ಎಂದಳು ದಾನಾಯಿ. ಬೇರೆ ಯಾರಾದರೂ ಆಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದರು. ಲಾಂಬ್ರೋಸ್ ತೋಳು ಮಡಚಿದ.

"ಅಗೀರಿ! ಇವತ್ತೇ ಅಗೀರಿ! ಇಲ್ಲಿ ಅಗೀರಿ, ಅಲ್ಲಿ ಅಗೀರಿ, ಬೇಲಿ ತನಕ ಅಗೀರಿ! ಭಾನುವಾರದ ಒಳಗೆ ಮುಗಿಸಿ ಅಷ್ಟೇ. ಗುದ್ದಲಿ ಬೇಕಾ? ನಾನೇ ಕೊಡ್ತೀನಿ!"

ಬೇಲಿಯಾಚೆ ಆಲಿವ್ ಮರದ ಹಿಂದೆ ಅಡಗಿದ್ದ ಥೆಮಿಸ್ ಇದನ್ನೆಲ್ಲ ಕೇಳಿಸಿಕೊಂಡ. ತನ್ನ ಜಾಗ ತಾನೇ ಅಗೆಯಿರಿ ಎನ್ನುವವನು ಇಡೀ ಗ್ರೀಸಿನಲ್ಲಿ ಇಲ್ಲ. ಅಂದಮೇಲೆ ಸಿಕ್ಕಿದ್ದನ್ನು ಇವನು ಈಗಾಗಲೇ ಬೇರೆ ಕಡೆ ಸಾಗಿಸಿದ್ದಾನೆ. ಎಲ್ಲಿಗೆ? ವ್ಯಾನಿನಲ್ಲಿ ಮಲಗಿಸಿಕೊಂಡು ಎಲ್ಲಿಗೆ? ಥೆಮಿಸ್ ತನ್ನ ತೋಟದ ನೆಲವನ್ನು ಹೊಸ ಕಣ್ಣಿನಿಂದ ನೋಡಿದ. ಮಧ್ಯಾಹ್ನದಿಂದ ಅವನು ಒಂದು ನಿಂಬೆ ಗಿಡ ನೆಡುವ ನೆಪದಲ್ಲಿ ತೋಟದ ತುಂಬ ಗುಂಡಿ ತೋಡತೊಡಗಿದ.

ಲಾಂಬ್ರೋಸ್ ಮಾತ್ರ ದಿನಾ ಮ್ಯೂಸಿಯಂಗೆ ಹೋಗುವುದನ್ನು ಬಿಡಲಿಲ್ಲ. ಅರ್ಗಿರೋ ಬೈದಳು, ಅತ್ತಳು, ಕೋಟನ್ನು ಒಗೆಯಲು ಹಾಕಿಬಿಟ್ಟಳು. ಅವನು ಸ್ವೆಟರಿನಲ್ಲಿ ಹೋದ.

"ನೀನು ಅಲ್ಲಿಗೆ ಹೋದಷ್ಟೂ ಇವರು ಅಗೀತಾರೆ! ನನ್ನ ಮಗಳ ಮನೆ ಇಲಾಖೆ ಪಾಲಾಗ್ಬೇಕಾ?"

"ಹೋಗದೇ ಇದ್ರೆ ನಿನ್ನ ಮಗಳಿಗೆ ಮದುವೇನೇ ಇಲ್ಲ. ಆಮೇಲೆ ಮನೆ ಯಾರಿಗೆ? ಬಿಡೇ, ಇವತ್ತು ಬರೀ ಕುಡಿಕೆಗಳು, ನಾಳೆ ಕುದುರೆಗಳಿರೋ ದೊಡ್ಡ ಹೂಜಿ. ಹೆದರಿ ಹಿಂದೆ ಸರಿಯೋನಲ್ಲ ನಾನು."

ಶನಿವಾರ ಊರಿಗೆ ಊರೇ ಹಗ್ಗದ ಸುತ್ತ ಸೇರಿತ್ತು. ಪಾದ್ರಿಗಳೂ ಬಂದಿದ್ದರು. ಯಾರೋ ಕುಂಬಳ ಬೀಜ ಹಂಚಿದರು. ಸಂಜೆಯವರೆಗೂ ಬರೀ ಮಣ್ಣು ಬಂತು, ಕಲ್ಲು ಬಂತು, ಜನ ಮನೆಗೆ ಹೊರಡಬೇಕೆನ್ನುವಾಗ ಕೊನೆಯ ಗುಂಡಿಯಲ್ಲಿದ್ದ ಕೆಲಸದವ ಕೈ ಎತ್ತಿದ. ಮಣ್ಣಿನೊಳಗೆ ಏನೋ ಬೆಳ್ಳಗೆ, ನುಣ್ಣಗೆ, ದುಂಡಗೆ ಕಾಣುತ್ತಿತ್ತು.

"ಅಮೃತಶಿಲೆ!" ಎಂದಿತು ಜನ.

"ಭುಜ," ಎಂದ ಮೆನೆಲಾವೊಸ್.

"ಭುಜ ಅಲ್ಲ, ಹೆಂಗಸಿನದು," ಎಂದು ಅನಸ್ತಾಸಿಸ್ ತಗ್ಗಿದ ದನಿಯಲ್ಲಿ ಹೇಳಿದ. ಪಾದ್ರಿಗಳು ಬೇರೆ ಕಡೆ ನೋಡಿದರು, ಆದರೆ ಪೂರ್ತಿ ಅಲ್ಲ.

ಅರ್ಗಿರೋ ನೆಲಕ್ಕೆ ಕುಸಿದು ಕೂತಳು. ಬೇಲಿಯಾಚೆಯಿಂದ ಥೆಮಿಸನ "ಹೋಯ್ತು, ನನ್ನ ಕೋಣೆಗಳು ಹೋದವು!" ಎಂಬ ಗೋಳು ಕೇಳಿಸಿತು. ದಾನಾಯಿ ಗುಂಡಿಗಿಳಿದು ಮಂಡಿಯೂರಿ, ಕುಂಚದಿಂದ ಒರೆಸುತ್ತಾ ಒರೆಸುತ್ತಾ ಬಂದಳು. ದುಂಡನೆಯ ಅಂಚು ಕಂಡಿತು. ಅಂಚು ಒಳಕ್ಕೆ ಬಾಗಿತು. ಒಳಗೆ ಒಂದು ಹಳ್ಳ, ಹಳ್ಳದ ಕೊನೆಗೆ ಒಂದು ಬಳುಕಿದ ಕೊಳವೆ. ಲಾಂಬ್ರೋಸನಿಗೆ ಆ ಬಳುಕು ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಅವನ ಕಿವಿ ನಿಧಾನವಾಗಿ ಕೆಂಪಾಯಿತು.

ಅದು ಕಮೋಡು. ಅಂಗಡಿ ಹೊಸದಾಗಿ ಇಟ್ಟ ಕಾಲದಲ್ಲಿ ಇಳಿಸುವಾಗ ಬಿರುಕು ಬಿಟ್ಟದ್ದನ್ನು ಕಸದ ಗುಡ್ಡೆಯವರೆಗೆ ಸಾಗಿಸಲು ಸೋಮಾರಿತನವಾಗಿ, ಮಾವನಿಗೆ ಗೊತ್ತಾಗದಂತೆ ಮಾವನ ಜಾಗದಲ್ಲೇ ಹೂತವನು ಲಾಂಬ್ರೋಸನೇ.

ದಾನಾಯಿ ಕುಂಚವನ್ನು ಜೇಬಿಗೆ ಹಾಕಿ ಮೇಲೆ ಬಂದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಪುರಾತನ ಅವಶೇಷ ಏನೂ ಇಲ್ಲ. ನೀವು ಮನೆ ಕಟ್ಟಬಹುದು," ಎಂದು ಕೈಕುಲುಕಿ, ಕಾರಿನೊಳಗೆ ಕೂತು ಗಾಜು ಏರಿಸಿಕೊಂಡ ಮೇಲೆ, ಅವಳ ಭುಜಗಳು ಬಹಳ ಹೊತ್ತು ಕುಲುಕುತ್ತಿದ್ದುದನ್ನು ಸಾರ್ಜೆಂಟು ಕಂಡ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಕುಂಬಳ ಬೀಜ ತಿಂದು ಸಂಜೆಯವರೆಗೆ ನಿಂತ ಊರು ಕಮೋಡು ನೋಡಿ ತೃಪ್ತಿಪಟ್ಟು ಮನೆಗೆ ಹೋಗುತ್ತದೆಯೇ?

"ಎಂಥಾ ತಲೆ ನೋಡು ಲಾಂಬ್ರೋಸಂದು," ಎಂದ ಮೆನೆಲಾವೊಸ್ ದಾರಿಯಲ್ಲಿ. "ಅಸಲಿ ಎತ್ತಿಕೊಂಡು ಆ ಜಾಗದಲ್ಲಿ ಕಮೋಡು ಇಟ್ಟ. ಯಾರಿಗೆ ಅನುಮಾನ ಬರುತ್ತೆ ಹೇಳು!"

"ಕಂಡುಹಿಡಿಯೋದು ಸುಲಭ," ಎಂದ ಥೆಮಿಸ್. "ನಾಳೆ ಬೀಗರನ್ನ ಕರ್ಕೊಂಡು ಮ್ಯೂಸಿಯಂಗೆ ಹೋಗ್ತಾನಂತೆ. ಯಾವುದರ ಮುಂದೆ ಜಾಸ್ತಿ ಹೊತ್ತು ನಿಲ್ತಾನೋ, ಅವನಿಗೆ ಸಿಕ್ಕಿರೋದು ಅಂಥದ್ದೇ. ನಾವೂ ಹೋಗೋಣ."

ಭಾನುವಾರ ಎಫ್ತೆರ್ಪಿ ಬಂದಳು. ಬಿಳಿ ಕೂದಲು, ನೆಟ್ಟಗಿನ ಬೆನ್ನು, ತಪ್ಪು ಹುಡುಕಿ ಹುಡುಕಿ ಚೂಪಾದ ಕಣ್ಣು. ಜೊತೆಗೆ ಮಗ ಮತ್ತು ಫೋತಿನಿ. ಲಾಂಬ್ರೋಸ್ ಅವರನ್ನು ಮ್ಯೂಸಿಯಂ ಬಾಗಿಲಿಗೆ ಕರೆತಂದು ಹಿಂದೆ ತಿರುಗಿ ನೋಡುತ್ತಾನೆ, ಊರೇ ನಿಂತಿದೆ! ಮೆನೆಲಾವೊಸ್ ಅಂಗಡಿ ಮುಚ್ಚಿ ಬಂದಿದ್ದ. ಅನಸ್ತಾಸಿಸ್ ಮೊಮ್ಮಗನ ಸಮೇತ ಬಂದಿದ್ದ. ಮೀನಿನವಳು, ಸೋತಿರಿಸ್, ಸಾರ್ಜೆಂಟು, ಗದ್ದಕ್ಕೆ ಮಣ್ಣು ಮೆತ್ತಿಕೊಂಡ ಥೆಮಿಸ್. ಎಲ್ಲರೂ ತಲೆ ಬಾಚಿಕೊಂಡು ಬಂದಿದ್ದರು.

"ಇವರೆಲ್ಲಾ?" ಎಂದಳು ಎಫ್ತೆರ್ಪಿ.

"ಮ್ಯೂಸಿಯಂಗೆ," ಎಂದ ಲಾಂಬ್ರೋಸ್ ಸೋತ ದನಿಯಲ್ಲಿ. "ಭಾನುವಾರ ಅಲ್ವಾ."

ಎಫ್ತೆರ್ಪಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಒಳಗೆ ಕಲ್ಲಿರೋಯಿ ಎಲ್ಲಾ ದೀಪಗಳನ್ನು ಒಟ್ಟಿಗೆ ಹಾಕಿದ್ದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಲಾಂಬ್ರೋಸ್ ಮುಂದೆ ಹೋದರೆ ಊರು ಮುಂದೆ ಹೋಗುತ್ತಿತ್ತು, ಅವನು ನಿಂತರೆ ಊರು ನಿಲ್ಲುತ್ತಿತ್ತು, ಅವನು ಕುಡಿಕೆಯ ಮೇಲೆ ಬಗ್ಗಿದರೆ ಅಷ್ಟೂ ತಲೆಗಳು ಬಗ್ಗುತ್ತಿದ್ದವು. ಅವನು ಉರು ಹೊಡೆದದ್ದನ್ನು ಹೇಳಿದ. ಹೂಜಿಯ ವಿವರ ಅರ್ಧ ಕುಡಿಕೆಗೆ ಹೋಯಿತು, ಕುಡಿಕೆಯದು ಸಮಾಧಿ ಕಲ್ಲಿಗೆ ಹೋಯಿತು. ಎಫ್ತೆರ್ಪಿ ಎರಡು ಸಲ ತಿದ್ದಲು ಬಾಯಿ ತೆರೆದಳು. ಆದರೆ ಸುತ್ತಲೂ ಉಸಿರು ಬಿಗಿಹಿಡಿದು ಒಂದೊಂದು ಪದವನ್ನೂ ಕುಡಿಯುತ್ತಿದ್ದ ಜನರನ್ನು ಕಂಡು ಸುಮ್ಮನಾದಳು. ಅವಳ ಕ್ಲಾಸಿನಲ್ಲಿ ಮೂವತ್ತು ವರ್ಷದಲ್ಲಿ ಒಮ್ಮೆಯೂ ಇಂಥ ಮೌನ ಇರಲಿಲ್ಲ.

ಕೊನೆಗೆ ಬರಿಮೈ ಹುಡುಗನ ಮುಂದೆ ಎಲ್ಲರೂ ನಿಂತರು. ಥೆಮಿಸ್ ಮೆನೆಲಾವೊಸನಿಗೆ ಮೊಣಕೈಯಿಂದ ತಿವಿದ.

"ಇದರ ಕಾಲ, ಶಿಲೆ, ಅವೆಲ್ಲಾ ನನಗೂ ಗೊತ್ತು," ಎಂದಳು ಎಫ್ತೆರ್ಪಿ. "ಪ್ರತಿವಾರ ನೋಡೋರು ನೀವು. ಇವನ ಮುಂದೆ ನಿಂತಾಗ ನಿಮಗೆ ಏನನ್ನಿಸುತ್ತೆ? ಅದನ್ನ ಹೇಳಿ."

ಈ ಪ್ರಶ್ನೆ ಲಾಂಬ್ರೋಸನ ತಯಾರಿಯಲ್ಲಿ ಇರಲಿಲ್ಲ. ಅವನು ಹುಡುಗನನ್ನು ನೋಡಿದ. ಮುಂದಿಟ್ಟ ಎಡಗಾಲು, ಅಲ್ಲಾಡದ ಕೈ, ಆ ಸಣ್ಣ ನಗೆ. ಆ ವಾರ ತಾನು ಪಟ್ಟದ್ದೆಲ್ಲ ಒಟ್ಟಿಗೆ ನೆನಪಾಯಿತು. ಫೋತಿನಿ ಕಣ್ಣು ಮುಚ್ಚಿಕೊಂಡಳು.

"ಟೀಚರಮ್ಮ, ಪಾಪ ಅನ್ನಿಸುತ್ತೆ," ಎಂದ. "ಒಂದು ಹೆಜ್ಜೆ ಮುಂದಿಟ್ಟಿದ್ದಾನೆ. ಎರಡನೇ ಹೆಜ್ಜೆಗೆ ಎರಡೂವರೆ ಸಾವಿರ ವರ್ಷದಿಂದ ಅನುಮತಿ ಸಿಕ್ಕಿಲ್ಲ. ಆದ್ರೂ ನಗ್ತಿದ್ದಾನೆ ನೋಡಿ. ಇವನು ನಮ್ಮೂರಿನವನೇ."

ಮೊದಲು ನಕ್ಕವಳು ಎಫ್ತೆರ್ಪಿ. ನಗುತ್ತಾ ನಗುತ್ತಾ ಕರವಸ್ತ್ರ ತೆಗೆದಳು. ಹಿಂದಿನಿಂದ ಅನಸ್ತಾಸಿಸ್ "ನಿಜ, ದೇವರಾಣೆ ನಿಜ!" ಎಂದು ಗೋಳಾಡಿದ. ಎಫ್ತೆರ್ಪಿ ಫೋತಿನಿಯ ಎರಡೂ ಕೆನ್ನೆಗೆ ಮುತ್ತಿಟ್ಟು, ಕಣ್ಣು ತಾಗದಿರಲೆಂದು "ಥೂ ಥೂ ಥೂ" ಎಂದು ಉಗುಳಿದ ಹಾಗೆ ಮಾಡಿ, ಬೀಗರ ಕಡೆ ತಿರುಗಿದಳು.

"ಮದುವೆ ಸೆಪ್ಟೆಂಬರಿನಲ್ಲಿ ಮಾಡೋಣ. ಇನ್ನೊಂದು ಮಾತು ಬೀಗರೇ. ಇನ್ನು ಮೇಲೆ ತಿಂಗಳಿಗೊಂದು ಭಾನುವಾರ ನಾನೂ ಬರ್ತೀನಿ. ಇಬ್ಬರೂ ಜೊತೆಯಲ್ಲಿ ನೋಡೋಣ. ಆ ಕುಡಿಕೆಗಳ ವಿಷಯ ಸ್ವಲ್ಪ ಮಾತಾಡೋದಿದೆ."

ಲಾಂಬ್ರೋಸನ ಮುಖ ಬರಿಮೈ ಹುಡುಗನ ಮುಖದಷ್ಟೇ ಬಿಳಿಚಿತು. ಇಡೀ ವಾರದಲ್ಲಿ ಮೊದಲ ಬಾರಿಗೆ ಅರ್ಗಿರೋಗೆ ಸಮಾಧಾನವಾಯಿತು.

ಸೋಮವಾರ ಸೋತಿರಿಸನ ಜೆಸಿಬಿ ಬಂತು. ಇಲಾಖೆಯವರು ಅರ್ಧ ಅಗೆದಿಟ್ಟಿದ್ದರಿಂದ ಕೆಲಸ ಬೇಗ ಸಾಗಿ, ಬುಧವಾರದ ಹೊತ್ತಿಗೆ ಕಬ್ಬಿಣ ಕಟ್ಟಿದ್ದಾಗಿತ್ತು; ಅಂದು ಮಧ್ಯಾಹ್ನ ಕಾಂಕ್ರೀಟ್ ಲಾರಿ ಬರುವುದಿತ್ತು. ಬೆಳಿಗ್ಗೆ ಲಾಂಬ್ರೋಸ್ ಕಾಫಿ ಅಂಗಡಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು ಸಕ್ಕರೆ ಜಾಸ್ತಿ ಹಾಕಿದ ಕಾಫಿ ಕುಡಿಯುತ್ತಾ ಉಪದೇಶ ಮಾಡುತ್ತಿದ್ದ.

"ಮನುಷ್ಯ ಮ್ಯೂಸಿಯಂಗೆ ಸುಮ್ಮನೆ ನೋಡೋಕೂ ಹೋಗಬಹುದು ಕಣ್ರೋ. ಜಮೀನಲ್ಲಿ ಏನಾದ್ರೂ ಸಿಕ್ಕಿರಲೇಬೇಕು ಅಂತೇನಿಲ್ಲ. ಇದು ನಿಮ್ಮ ತಲೆಗೆ ಯಾವಾಗ ಹೋಗುತ್ತೆ?"

ಅಷ್ಟರಲ್ಲಿ ಬೀದಿಯ ಆ ಕಡೆಯಿಂದ ಥೆಮಿಸ್ ಬಂದ. ಮೈಮೇಲೆ ಮದುವೆ ಕೋಟು. ಕಣ್ಣಿಗೆ ಕಪ್ಪು ಕನ್ನಡಕ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಗಬಕ್ಕನೆ ಮ್ಯೂಸಿಯಂ ಒಳಗೆ ನುಗ್ಗಿದ.

ದಾಳಗಳು ನಿಂತವು. ಮೆನೆಲಾವೊಸ್ ಬ್ರಾಂಡಿ ಬಾಟಲಿಗೆ ಕೈ ಹಾಕಿದ.

"ಸಿಕ್ತು!" ಎಂದು ಎಲ್ಲರಿಗಿಂತ ಮೊದಲು ಕಿರುಚಿದವನು ಲಾಂಬ್ರೋಸ್. "ನಿಂಬೆ ಗಿಡದ ಗುಂಡಿಯಲ್ಲಿ ಸಿಕ್ತು ಅವನಿಗೆ!" ಕಿರುಚಿದ ಮೇಲೆ ಅವನಿಗೆ ಬೇಲಿಯ ನೆನಪಾಯಿತು. ಅವನ ಕಡೆ ಕಾಲಿದ್ದರೆ ನನ್ನ ಕಡೆ ತಲೆ ಇರುತ್ತದೆ! ಕುರ್ಚಿ ಬಿತ್ತು, ಕಾಫಿ ಚೆಲ್ಲಿತು. ಅವನು ಬೀದಿ ದಾಟುತ್ತಲೇ ಫೋನಿನಲ್ಲಿ ಅರಚಿದ: "ಸೋತಿರಿಸ್, ಮಧ್ಯಾಹ್ನ ಬೇಡ! ಲಾರಿ ಈಗಲೇ ಕರೆಸು! ಸುರಿ, ಸುರಿ, ಕೇಳಬೇಡ, ಸುರಿ!"

ಥೆಮಿಸ್ ಕುದುರೆಗಳ ಹೂಜಿಯ ಮುಂದೆ ಒಬ್ಬನೇ ನಿಂತಿದ್ದ. ಕನ್ನಡಕ ಕೈಯಲ್ಲಿತ್ತು. ಲಾಂಬ್ರೋಸ್ ಏದುಸಿರು ಬಿಡುತ್ತಾ ಬಂದದ್ದನ್ನು ಕಂಡು ನಾಚಿಕೊಂಡ.

"ಭಾನುವಾರ ನೋಡಿದೆ ಕಣೋ," ಎಂದ ಮೆಲ್ಲಗೆ. "ಈ ಕುದುರೆ ನೋಡು, ಈ ಕಡೆಯದು. ಕತ್ತು ಹೀಗೆ ಬಗ್ಗಿಸಿದೆ. ನಮ್ಮಪ್ಪನ ಕುದುರೆ ನೆನಪಿದೆಯಾ? ನಾವಿಬ್ಬರೂ ಹತ್ತಿ ಬಿದ್ದಿದ್ವಲ್ಲ, ಅದೇ. ಥೇಟ್ ಹೀಗೇ ಕತ್ತು ಬಗ್ಗಿಸಿ ನಿಲ್ತಿತ್ತು. ನಿದ್ದೇನೇ ಬರಲಿಲ್ಲ ನಂಗೆ. ಇನ್ನೊಂದು ಸಲ ನೋಡಬೇಕು ಅನ್ನಿಸ್ತು. ಸುಮ್ಮನೆ ನೋಡೋಕೆ ಬಂದೆ."

ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಲಾಂಬ್ರೋಸ್ ಹೂಜಿ ನೋಡಿದ. ಹೌದು, ಅದೇ ಕತ್ತು. ಆ ಕುದುರೆಯ ಬೆವರಿನ ವಾಸನೆ, ಬಿದ್ದಾಗ ಥೆಮಿಸನ ಅಪ್ಪ ಇಬ್ಬರ ಕಿವಿಯನ್ನೂ ಹಿಂಡಿದ್ದು, ಎಲ್ಲಾ ಅವನಿಗೂ ನೆನಪಾಯಿತು. ಗೆಳೆಯನ ಹೆಗಲ ಮೇಲೆ ಕೈ ಹಾಕಿದ. ಬಾಗಿಲ ಬಳಿ ಕಲ್ಲಿರೋಯಿ ಹೆಣಿಗೆ ನಿಲ್ಲಿಸಿ ಕಿವಿಗೊಟ್ಟಳು.

"ಎಲ್ಲರೂ ಹಾಗೇ ಅಂತಾರೆ, ಥೆಮಿಸ್," ಎಂದ ಲಾಂಬ್ರೋಸ್ ಪ್ರೀತಿಯಿಂದ. "ಈಗ ಹೇಳು. ಎಷ್ಟು ಆಳದಲ್ಲಿ ಸಿಕ್ತು?"